ಬಿಸಿಲೂರಿನ ಬೇಸಿಗೆ ರಜೆ: ಟಿಕೋಟದಿಂದ ಐಹೊಳೆವರೆಗೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನಿಂದ ಮೈದುನನ ಮಕ್ಕಳು ವಿಜಯಪುರಕ್ಕೆ ಬರುತ್ತಾರೆ. ಬಂದ ಮರುದಿನದಿಂದಲೇ ಶುರು: ‘ದೊಡ್ಡಮ್ಮಾ, ಎಲ್ಲಿಗೆ ಹೋಗೋಣ?’ ಗೋಳಗುಮ್ಮಟದಲ್ಲಿ ಕೂಗಿ ಆಗಿದೆ. ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲ ಹೋದ ವರ್ಷವೇ ಮುಗಿದಿವೆ. ಹೊರಗೆ 40 ಡಿಗ್ರಿ ಬಿಸಿಲು. ಓಣಿಯವರ ಸಲಹೆ ಮಾತ್ರ ಪ್ರತಿ ವರ್ಷ ಒಂದೇ: ‘ಈ ಬಿಸಲಾಗ ಎಲ್ಲಿ ಹೊಂಟೀರಿ? ಹೋಗೂದಿದ್ರ ಮಹಾಬಳೇಶ್ವರಕ್ಕ ಹೋಗ್ರಿ.’

ನನಗೆ ಅದು ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ಮಾತ್ರ ನೋಡಲು ಸಿಗುವ ಸಂಗತಿಗಳು ನಮ್ಮ ಕಡೆ ಬೇಕಾದಷ್ಟಿವೆ. ಒಣದ್ರಾಕ್ಷಿ ಶೆಡ್ಡುಗಳು ತುಂಬಿರುವುದು ಈಗ. ಶಾವಿಗೆ ಮಾಡುವುದು ಈಗ. ಬಾದಾಮಿ ಹತ್ತಿರದ ಮಹಾಕೂಟದ ಹೊಂಡದ ಬೆಲೆ ಗೊತ್ತಾಗುವುದೂ ಈಗಲೇ, ಮಳೆಗಾಲದಲ್ಲಿ ಅಲ್ಲಿ ಹೋಗಿ ಯಾರು ಇಳಿಯುತ್ತಾರೆ? ಹೊತ್ತು ನೋಡಿಕೊಂಡು ತಿರುಗಬೇಕು, ಅಷ್ಟೆ. ಐದಕ್ಕೆ ಎದ್ದು ಹೊರಡಬೇಕು, ಹನ್ನೊಂದರೊಳಗೆ ನೆರಳು ಸೇರಬೇಕು, ಮತ್ತೆ ಬಿಸಿಲಿಗೆ ಬರುವುದು ಐದರ ಮೇಲೆ. ಹೊಲದಲ್ಲಿ ದುಡಿಯುವವರು ದಿನಾ ಮಾಡುವುದೇ ಇದು. ಪ್ರವಾಸಕ್ಕೆ ಹೊರಟ ಕೂಡಲೇ ನಾವು ಅದನ್ನು ಮರೆತು, ಇಡ್ಲಿ ತಿಂದು ಹತ್ತಕ್ಕೆ ಗಾಡಿ ಹತ್ತುತ್ತೇವೆ. ಆಮೇಲೆ ಬಿಸಿಲನ್ನು ಬೈಯುತ್ತೇವೆ.

ನಮ್ಮನೆಯವರು, ನಾನು, ಅತ್ತೆ, ನನ್ನ ಮಗಳು, ಮೈದುನನ ಇಬ್ಬರು ಮಕ್ಕಳು. ಬಾಡಿಗೆ ಗಾಡಿ. ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನ್, ಒಂದು ಡಬ್ಬಿ ಚುರುಮುರಿ, ಸವತೆಕಾಯಿ. ಅತ್ತೆಯವರು ಬಿಸಿಲು ಬಡಿಯಬಾರದು ಅಂತ ಎಲ್ಲರ ಕಿಸೆಗೂ ಒಂದೊಂದು ಉಳ್ಳಾಗಡ್ಡಿ ಹಾಕಿದರು. ಅದರಿಂದ ಉಪಯೋಗ ಇದೆಯೋ ಇಲ್ಲವೋ, ಗಾಡಿ ತುಂಬ ವಾಸನೆಯಂತೂ ಇತ್ತು.

ಗುರುವಾರ: ಟಿಕೋಟದ ದ್ರಾಕ್ಷಿ ಶೆಡ್

ಅಥಣಿ ರಸ್ತೆ ಹಿಡಿದರೆ ಟಿಕೋಟ ಅರ್ಧ ತಾಸಿನ ಹಾದಿ. ಊರು ಹತ್ತಿರ ಬಂದಂತೆ ಎರಡೂ ಕಡೆ ದ್ರಾಕ್ಷಿ ಪಡ. ಪಡಗಳ ನಡುನಡುವೆ ತಗಡು ಹೊದಿಸಿದ ಉದ್ದುದ್ದ ಶೆಡ್ಡುಗಳು, ಸುತ್ತ ಹಸಿರು ನೆಟ್. ‘ಕೋಳಿ ಫಾರ್ಮಾ?’ ಅಂತ ಕೇಳಿದ ದೊಡ್ಡ ಹುಡುಗ. ಕೇಳುವಂಥ ಪ್ರಶ್ನೆಯೇ, ದೂರದಿಂದ ಹಾಗೇ ಕಾಣುತ್ತದೆ.

ಇದು ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಜಾಗವಲ್ಲ. ಒಬ್ಬರ ವರ್ಷದ ದುಡಿಮೆ ಅಲ್ಲಿ ಹರಡಿರುತ್ತದೆ. ನಮ್ಮನೆಯವರಿಗೆ ಪರಿಚಯದ ರೈತರು ಇದ್ದರು, ಮೊದಲೇ ಫೋನ್ ಮಾಡಿ ಕೇಳಿದ್ದೆವು. ನೀವೂ ಹಾಗೇ ಮಾಡಿ. ಬೆಳಿಗ್ಗೆ ಬೇಗ ಹೋಗಿ, ದಾರಿಗೆ ಅಡ್ಡ ನಿಲ್ಲಬೇಡಿ.

ನಾವು ಹೋದಾಗ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಕೊನೆಯ ಕಟಾವಿನ ದ್ರಾಕ್ಷಿ ಬಂದಿತ್ತು. ಕ್ರೇಟಿನಲ್ಲಿ ತುಂಬಿದ ಗೊಂಚಲುಗಳನ್ನು ಕ್ರೇಟ್ ಸಮೇತ ಒಂದು ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ತೊಟ್ಟಿಯ ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿರುತ್ತಾರೆ. ದ್ರಾಕ್ಷಿ ಸಿಪ್ಪೆಯ ಮೇಲೆ ಬೂದಿ ಬಳಿದಂತೆ ಒಂದು ಮೇಣದ ಪೊರೆ ಇರುತ್ತದಲ್ಲ, ಅದು ಇರುವವರೆಗೆ ಒಳಗಿನ ನೀರು ಬೇಗ ಆರುವುದಿಲ್ಲ. ಈ ನೀರು ಆ ಪೊರೆಯನ್ನು ಸಡಿಲ ಮಾಡುತ್ತದೆ. ಅದ್ದದೆ ಒಣಗಿಸಿದರೆ ವಾರಗಟ್ಟಲೆ ಕಾಯಬೇಕು.

ಅದ್ದಿದ ಗೊಂಚಲು ನೇರ ರ್‍ಯಾಕಿಗೆ. ಒಂದರ ಮೇಲೊಂದು ಬಲೆ ಬಿಗಿದ ಅಂತಸ್ತುಗಳು, ನಮ್ಮ ತಲೆಗಿಂತ ಎಷ್ಟೋ ಎತ್ತರಕ್ಕೆ. ಹೆಣ್ಣುಮಕ್ಕಳು ಎರಡೂ ಕಡೆ ನಿಂತು ಗೊಂಚಲು ಹರವುತ್ತಿದ್ದರು. ಒಂದರ ಮೇಲೊಂದು ಬೀಳುವಂತಿಲ್ಲ, ಎಲ್ಲೂ ಗುಂಪಾಗುವಂತಿಲ್ಲ. ನನ್ನ ಮಗಳು ನಾಲ್ಕು ಗೊಂಚಲು ಹರವಿದಳು, ಅವಳ ಹಿಂದೆಯೇ ಒಬ್ಬಾಕೆ ಬಂದು ನಾಲ್ಕನ್ನೂ ಸರಿ ಮಾಡಿದರು. ಏನೂ ಅನ್ನಲಿಲ್ಲ, ನಕ್ಕರು ಅಷ್ಟೆ.

ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಎರಡು ವಾರದ ಕೆಲಸ ಒಂದೇ ಸಲಕ್ಕೆ ಕಾಣುತ್ತದೆ. ಈ ತುದಿಯಲ್ಲಿ ನಿನ್ನೆ ಹರವಿದ್ದು, ಇನ್ನೂ ಹಸಿ ಹಸಿರು, ಎಣ್ಣೆಯ ಮಿರುಗು. ನಡುವೆ ಸುಕ್ಕುಗಟ್ಟಿದ್ದು. ಆ ತುದಿಯಲ್ಲಿ ಪೂರ್ತಿ ಒಣಗಿದ್ದು, ಹಳದಿಗೆ ತಿರುಗಿದ ಹಸಿರು. ಅದನ್ನು ರ್‍ಯಾಕ್ ಜಾಡಿಸಿ ಕೆಳಗೆ ಉದುರಿಸುತ್ತಾರೆ. ಆಮೇಲೆ ತೊಟ್ಟು ಬಿಡಿಸುವುದು, ತೊಳೆಯುವುದು, ಗ್ರೇಡ್ ಮಾಡುವುದು. ಸುಮಾರು 4 ಕೆಜಿ ಹಸಿ ದ್ರಾಕ್ಷಿಗೆ 1 ಕೆಜಿ ಒಣದ್ರಾಕ್ಷಿ. ನಡುವಿನ ರ್‍ಯಾಕಿನಿಂದ ಅರೆ ಒಣಗಿದ ಒಂದು ಕಾಳನ್ನು ಅವರೇ ಮಕ್ಕಳ ಕೈಗೆ ಕೊಟ್ಟು, ‘ತೊಳ್ಕೊಂಡ್ ತಿನ್ರಿ’ ಅಂದರು. ಹೊರಗೆ ಜಿಗುಟು ಸಿಪ್ಪೆ, ಒಳಗೆ ಜಾಮಿನಂಥ ಗಟ್ಟಿ ರಸ. ಅಂಗಡಿಯಲ್ಲಿ ಹಸಿ ದ್ರಾಕ್ಷಿ ಸಿಗುತ್ತದೆ, ಒಣಗಿದ್ದೂ ಸಿಗುತ್ತದೆ. ಈ ನಡುವಿನದು ಶೆಡ್ಡಿನಲ್ಲಿ ಮಾತ್ರ.

‘ಇಷ್ಟು ಬಿಸಿಲಿದೆಯಲ್ಲ, ಹೊರಗೇ ಒಣಗಿಸಬಹುದಲ್ವಾ?’ ಅಂತ ಸಣ್ಣವಳ ಪ್ರಶ್ನೆ. ನೇರ ಬಿಸಿಲು ಬಿದ್ದರೆ ಬಣ್ಣ ಕಂದು ತಿರುಗುತ್ತದೆ, ಹಸಿರು ಬಂಗಾರದ ಬಣ್ಣಕ್ಕೆ ಇರುವ ಬೆಲೆ ಸಿಗುವುದಿಲ್ಲ. ಬೇಕಾದ್ದು ಬಿಸಿಲಲ್ಲ, ಒಣ ಬಿಸಿಗಾಳಿ. ಅದು ವಿಜಯಪುರದಲ್ಲಿ ಪುಕ್ಕಟೆ. ನಾವು ಬೈಯುವ ಅದೇ ಗಾಳಿ ಇಲ್ಲಿ ಒಂದು ಬೆಳೆಯನ್ನು ಮಾಗಿಸುತ್ತದೆ. ರೈತರ ಕಣ್ಣು ಮಾತ್ರ ಆಗಾಗ ಪಡುವಣದ ಕಡೆ ಹೋಗುತ್ತಿತ್ತು. ಇದು ಅಶ್ವಿನಿ, ಭರಣಿ ಮಳೆಗಳ ಕಾಲ. ‘ಭರಣಿ ಮಳೆ ಬಂದರೆ ಧರಣಿ ಬೆಳೆ’ ಅನ್ನುತ್ತಾರೆ, ಶೆಡ್ಡಿನವರಿಗೆ ಆ ಗಾದೆ ಹಿಡಿಸುವುದಿಲ್ಲ. ‘ಅಡ್ಡಮಳಿ ಒಂದ ಸಲ ಬಡೀತಂದ್ರ ಮುಗೀತ್ ನೋಡ್ರಿ. ಮಾಲು ಕಪ್ಪ ಆಗ್ತದ, ಕೇಳವ್ರ ಇರಂಗಿಲ್ಲ’ ಅಂದರು.

ಹತ್ತೂವರೆಗೆ ಮನೆ ಸೇರಿದೆವು. ಮಜ್ಜಿಗೆ, ನಿದ್ದೆ. ಸಂಜೆ ಬಬಲೇಶ್ವರದ ಕಡೆ ಮಮದಾಪುರದ ಕೆರೆಗೆ ಹೋಗಿ ಬಂದೆವು. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ. ಈಗ ಈ ಭಾಗದ ಕೆಲವು ಕೆರೆಗಳಿಗೆ ಕೃಷ್ಣೆಯಿಂದ ನೀರೆತ್ತಿ ತುಂಬಿಸುತ್ತಾರೆ, ಹಾಗಾಗಿ ಬೇಸಿಗೆಯಲ್ಲೂ ಬೆಳ್ಳಕ್ಕಿ, ಕೊಕ್ಕರೆ ನೋಡಲು ಸಿಗುತ್ತವೆ. ಏರಿಯ ಮೇಲೆ ಕುಳಿತು ಚುರುಮುರಿ ತಿನ್ನಲು ಒಳ್ಳೆಯ ಜಾಗ. ಅದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಶುಕ್ರವಾರ: ಕೂಡಲಸಂಗಮ, ಆಲಮಟ್ಟಿ

ಹೆದ್ದಾರಿ ಹಿಡಿದು ನಿಡಗುಂದಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಕೂಡಲಸಂಗಮಕ್ಕೆ ಬಂದಾಗ ಬಿಸಿಲಿನ್ನೂ ಎಳೆಯದಿತ್ತು. ಇಲ್ಲಿ ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ಬಸವಣ್ಣನವರು ಐಕ್ಯವಾದ ಜಾಗ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬರುವುದರಿಂದ ಐಕ್ಯ ಮಂಟಪದ ಸುತ್ತ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ನದಿ, ಒಳಗೆ ಬಾವಿಗೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗಬೇಕು. ಕೆಳಗೆ ಇಳಿದಂತೆ ತಣ್ಣಗಾಗುತ್ತದೆ, ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅತ್ತೆಯವರು ಮೊಣಕಾಲು ನೋವಿದ್ದರೂ ಒಬ್ಬರೇ ಇಳಿದು, ಒಬ್ಬರೇ ಹತ್ತಿದರು. ಕೈ ಹಿಡಿಯಲು ಹೋದ ನಮ್ಮನೆಯವರಿಗೆ ‘ಬಿಡೋ, ನಿನಕಿಂತ ಮದಲ ಬಂದಾಕಿ ನಾ’ ಅಂದರು.

ನದಿಯ ಆಚೆ ದಡದ ತಂಗಡಗಿಯಲ್ಲಿ ಬಸವಣ್ಣನವರ ಪತ್ನಿ ನೀಲಮ್ಮನವರ ಐಕ್ಯ ಮಂಟಪವಿದೆ. ಹೋಗಬೇಕೆಂದಿದ್ದೆವು, ಹೊತ್ತು ಮೀರಿತು. ಒಂದು ಮಾತು: ನೀರು ಕಡಿಮೆಯಿದೆ ಅಂತ ಮಕ್ಕಳನ್ನು ನದಿಗೆ ಇಳಿಸಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಮಕ್ಕಳು ಅತ್ತರೂ ಪರವಾಗಿಲ್ಲ, ನಮ್ಮವೂ ಅತ್ತವು. ದಾಸೋಹದಲ್ಲಿ ಪ್ರಸಾದ ಸಿಕ್ಕ ಮೇಲೆ ಸುಮ್ಮನಾದವು. ಮಧ್ಯಾಹ್ನವೆಲ್ಲ ಅಲ್ಲೇ ಮರದ ನೆರಳಲ್ಲಿ ಜಮಖಾನ ಹಾಸಿ ಮಲಗಿದೆವು.

ಸಂಜೆ ಆಲಮಟ್ಟಿ. ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ರಾಕ್ ಗಾರ್ಡನ್, ಪ್ರಾಣಿಗಳ ಪ್ರತಿಮೆ, ಹುಲ್ಲು, ಕತ್ತಲಾದ ಮೇಲೆ ಸಂಗೀತ ಕಾರಂಜಿ. ನನಗೆ ಕಾರಂಜಿಗಿಂತ ಅಣೆಕಟ್ಟೇ ಇಷ್ಟ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು, ಜಲಾಶಯಕ್ಕೆ ಅವರದೇ ಹೆಸರು. 26 ಗೇಟುಗಳು, ನೀರಿನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ನೀರು ಬಿಟ್ಟಾಗ ನೋಡುವವರೇ ಜಾಸ್ತಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬೇರೆಯದೇ ನೋಟ. ಮುಳುಗಿದ್ದ ದಂಡೆ ಮೇಲೆ ಬಂದಿರುತ್ತದೆ, ಕುರಿ ಮೇಯುತ್ತಿರುತ್ತವೆ. ಹಳೆ ಬಾಗಲಕೋಟೆಯ ಎಷ್ಟೋ ಮನೆಗಳು ಇದೇ ನೀರಿಗಾಗಿ ಹೋದವು. ನಮ್ಮ ಅಕ್ಕನ ಗಂಡನ ಮನೆಯವರದೂ ಅದರಲ್ಲಿ ಒಂದು. ಈಗ ಅವರಿರುವುದು ಕಮತಗಿ ಹತ್ತಿರದ ಹಳ್ಳಿಯಲ್ಲಿ. ಆ ರಾತ್ರಿ ಅಲ್ಲೇ ಉಳಿದೆವು, ಮಾಳಿಗೆ ಮೇಲೆ ಹಾಸಿಗೆ. ಬೆಂಗಳೂರಿನ ಮಕ್ಕಳಿಗೆ ಕಾರಂಜಿಗಿಂತ ಮಾಳಿಗೆ ಮೇಲೆ ಮಲಗಿದ್ದೇ ದೊಡ್ಡದಾಯಿತು.

ಶನಿವಾರ: ಶಾವಿಗೆ, ಬಾದಾಮಿ, ಮಹಾಕೂಟ, ಬನಶಂಕರಿ

ಬೆಳಕು ಹರಿಯುವ ಮೊದಲೇ ಕೆಳಗೆ ಮಾತು ಕೇಳಿಸಿತು. ಅಕ್ಕನ ಮನೆಯಲ್ಲಿ ಅಂದು ಶಾವಿಗೆ. ಓಣಿಯ ನಾಲ್ಕು ಮನೆಯ ಹೆಣ್ಣುಮಕ್ಕಳು ಸೇರಿದ್ದರು. ಇಂದು ಇವರ ಮನೆ, ನಾಳೆ ಅವರ ಮನೆ, ಹೀಗೆ ಮುಯ್ಯಿ. ಗೋಧಿ ರವೆ ಹಿಟ್ಟನ್ನು ನಾದಿ ನಾದಿ ಎಳೆ ಬರುವ ಹದಕ್ಕೆ ತಂದಿದ್ದರು. ಮೊದಲೆಲ್ಲ ಮಣೆಯ ಮೇಲೆ ಕೈಯಲ್ಲೇ ಹೊಸೆಯುತ್ತಿದ್ದರು, ಈಗ ತಿರುವುವ ಮಷಿನ್. ಹಿಡಿಕೆ ತಿರುವಲು ಹುಡುಗರೇ ಬೇಕು, ನಮ್ಮ ಹುಡುಗ ತಾನಾಗಿಯೇ ಸಿಕ್ಕಿಬಿದ್ದ. ಕೆಳಗೆ ಇಳಿಯುವ ಎಳೆಗಳನ್ನು ಒಬ್ಬರು ಕೋಲಿನ ಮೇಲೆ ತೆಗೆದುಕೊಳ್ಳುವುದು, ಇನ್ನೊಬ್ಬರು ಆ ಕೋಲನ್ನು ಎರಡು ಹೊರಸಿನ ನಡುವೆ ಅಡ್ಡ ಇಡುವುದು. ಎಳೆ ಹರಿದರೆ ಹುಡುಗನಿಗೆ ಬೈಗುಳ: ‘ಸಾವಕಾಶ ತಿರವೋ ತಮ್ಮಾ, ಮೋಟಾರ್ ಚಾಲೂ ಮಾಡೀಯೇನ?’ ಬಿಸಿಲು ಏರುವಷ್ಟರಲ್ಲಿ ಅಂಗಳದ ತುಂಬ ಶಾವಿಗೆ ನೇತಾಡುತ್ತಿತ್ತು. ಸಂಜೆಗೆ ಒಣಗಿ ಡಬ್ಬಿ ಸೇರುತ್ತದೆ, ವರ್ಷವಿಡೀ ಬಂದವರಿಗೆ ಬೆಲ್ಲ ಹಾಲು ಹಾಕಿ ಬಡಿಸಲು.

ಮಕ್ಕಳು ಏಳಲೊಲ್ಲರು. ಹಾಗಾಗಿ ಬಾದಾಮಿ ತಲುಪುವಾಗ ಎಂಟೂವರೆ ದಾಟಿತ್ತು. ಕೆಂಪು ಕಲ್ಲು ಆಗಲೇ ಕಾಯಲು ಶುರು. ಆದರೆ ಗುಹೆಯೊಳಗೆ ಕಾಲಿಟ್ಟರೆ ಸಾಕು, ತಂಪು. ಮೊದಲ ಗುಹೆಯ 18 ಕೈಗಳ ನಟರಾಜನ ಮುಂದೆ ಮಕ್ಕಳು ಕೈ ಎಣಿಸುತ್ತ, ಯಾವ ಎರಡು ಕೈ ಜೋಡಿಸಿದರೆ ಯಾವ ಭಂಗಿ ಅಂತ ತಾವೇ ಕುಣಿಯುತ್ತ ನಿಂತರು. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಶಾಸನದಲ್ಲಿ 578ನೇ ಇಸವಿಗೆ ಸರಿಹೊಂದುವ ಕಾಲ ಬರೆದಿದೆ. ಹಾವಿನ ಮೇಲೆ ಕುಳಿತ ವಿಷ್ಣು ಇಲ್ಲೇ. ಕೆಳಗೆ ಅಗಸ್ತ್ಯ ತೀರ್ಥದಲ್ಲಿ ಬಟ್ಟೆ ಒಗೆಯುವ ಸಪ್ಪಳ ಎರಡು ಗುಡ್ಡಗಳ ನಡುವೆ ಕೇಳುತ್ತಲೇ ಇತ್ತು. ಮಂಗಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ: ಕೈಯಲ್ಲಿ ಚೀಲ ಬೇಡ. ನಮ್ಮ ಉಳ್ಳಾಗಡ್ಡಿಯಲ್ಲಿ ಒಂದು ಮಂಗನ ಪಾಲಾಯಿತು. ಕಚ್ಚಿ ನೋಡಿ, ಅತ್ತೆಯವರ ಮುಖ ನೋಡಿ, ಎಸೆದು ಹೋಯಿತು.

ಹತ್ತೂವರೆಗೆ ಮಹಾಕೂಟ. ಈ ಪ್ರವಾಸದಲ್ಲಿ ನನಗೆ ಒಂದೇ ಜಾಗ ಆರಿಸಿಕೊಳ್ಳಿ ಅಂದರೆ ಇದನ್ನೇ ಆರಿಸುತ್ತೇನೆ. ಸುತ್ತ ಗುಡ್ಡ, ನಡುವೆ ದೊಡ್ಡ ಮರಗಳು. ಬಾದಾಮಿಯ ಬಿಸಿಲಿನಿಂದ ಬಂದವರಿಗೆ ಇದು ಅದೇ ತಾಲ್ಲೂಕು ಅಂತ ನಂಬಲು ಕಷ್ಟ. ಪ್ರಾಕಾರದೊಳಗೆ ಸಾಲು ಸಾಲು ಗುಡಿಗಳು, ಅವುಗಳ ನಡುವೆ ವಿಷ್ಣು ಪುಷ್ಕರಣಿ. ಬುಗ್ಗೆಯ ನೀರು ಬಂದು ಸೇರುವುದರಿಂದ ಬೇಸಿಗೆಯಲ್ಲೂ ಹೊಂಡ ತುಂಬಿರುತ್ತದೆ. ನೀರಿನೊಳಗೇ ಮುಖಲಿಂಗವಿರುವ ಪುಟ್ಟ ಮಂಟಪ. ಈಜು ಬಂದವರು ಮೇಲಿಂದ ಜಿಗಿಯುತ್ತಾರೆ, ಬಾರದವರು ಮೆಟ್ಟಿಲ ಮೇಲೆ ಕೂರುತ್ತಾರೆ.

ನಾನು ಸೀರೆಯುಟ್ಟೇ ಸೊಂಟದವರೆಗೆ ಇಳಿದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನೀರು ತಣ್ಣಗಿದೆ ಅನ್ನಿಸಿತು, ಮೂರನೆಯದಕ್ಕೆ ಉಸಿರು ಸಿಕ್ಕಿಬಿತ್ತು. ನೀರು ಎಷ್ಟು ತಿಳಿ ಅಂದರೆ ಮೆಟ್ಟಿಲ ಕಲ್ಲಿನ ಉಳಿಯ ಗೆರೆಗಳು ಕಾಣುತ್ತವೆ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚತೊಡಗಿದವು, ಮಗಳು ಕಿರುಚುತ್ತ ನನ್ನ ಕೊರಳಿಗೆ ಜೋತುಬಿದ್ದಳು. ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಮಕ್ಕಳನ್ನು ಬಿಟ್ಟು ದೂರ ಹೋಗಬೇಡಿ. ಸೋಪು, ಶ್ಯಾಂಪೂ ತರಬೇಡಿ. ಇದನ್ನು ಬರೆಯಬೇಕಾಗಿ ಬರುವುದೇ ಬೇಸರ, ಆದರೆ ಅಂದು ಒಬ್ಬರು ಹೊಂಡದಲ್ಲೇ ತಲೆಗೆ ನೊರೆ ಹಾಕಿಕೊಂಡು ನಿಂತಿದ್ದರು.

ಹಳೆಯ ಬಾಗಿಲ ಬಳಿ ಎಲುಬಿನ ಹಂದರದಂಥ ಎರಡು ವಿಗ್ರಹಗಳಿವೆ, ಕಾಲ ಮತ್ತು ಕಾಳಿ. ಹುಡುಗರು ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ಇನ್ನೊಂದು ವಿಷಯ ಹೇಳಿದರೆ ಅವರು ನಂಬಲಿಲ್ಲ: ಇಲ್ಲಿನ ಹೆಸರುವಾಸಿ ಶಾಸನ ಕಂಬ ಇರುವುದು ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ. ಮಂಗಳೇಶನ ಕಾಲದ ಕಂಬ. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿನ ದೇವರಿಗೆ ಕೊಟ್ಟ ಊರುಗಳ ದತ್ತಿಯ ಮಾತು ಅದರಲ್ಲಿದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೂ ನಾವು ಯಾರೂ ಅದನ್ನು ನಿಂತು ನೋಡಿದವರಲ್ಲ.

ನೀರಿನಲ್ಲಿ ಆಡಿದ ಹಸಿವು ಬೇರೆಯೇ. ಬನಶಂಕರಿಗೆ ಬಂದು ದೇವಿಗೆ ಕೈ ಮುಗಿದು ಹೊರಗೆ ಬರುತ್ತಿದ್ದಂತೆ ಬುಟ್ಟಿ ಹೊತ್ತ ಹೆಂಗಸರು ಸುತ್ತುಗಟ್ಟಿದರು. ‘ಯಕ್ಕಾ, ಊಟಾ ಮಾಡ್ ಬರ್ರಿ. ಮುಂಜಾನಿ ಬಡದ ರೊಟ್ಟಿ ಅದಾವ್ರಿ.’ ಹರಿದ್ರಾ ತೀರ್ಥದ ಹತ್ತಿರ ನೆರಳಲ್ಲಿ ಸಾಲಾಗಿ ಕುಳಿತೆವು. ತಟ್ಟೆಗೆ ಮೊದಲು ಬಂದದ್ದು ಜೋಳದ ರೊಟ್ಟಿ. ಆಮೇಲೆ ಬುಟ್ಟಿಯೊಳಗಿನ ಒಂದೊಂದೇ ಡಬ್ಬಿಯ ಮುಚ್ಚಳ ತೆರೆಯಿತು. ಎಣ್ಣೆಗಾಯಿ, ಜುಣಕ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ. ಕೊನೆಗೆ ಸಣ್ಣ ಗಡಿಗೆಯ ಮೊಸರು, ಚಮಚದಿಂದ ಕೊರೆದು ತೆಗೆಯುವಷ್ಟು ಗಟ್ಟಿ. ಬೆಂಗಳೂರಿನ ಹುಡುಗ ಕೆಂಪು ಖಾರಕ್ಕೆ ಕೈ ಹಾಕಿದ್ದನ್ನು ನೋಡಿ ಆಕೆ, ‘ಬ್ಯಾಡೋ ಯಪ್ಪಾ, ಮದಲ ಮಸರ ಹಾಕ್ಕೋ’ ಅಂತ ತಾನೇ ಗಡಿಗೆ ಬಗ್ಗಿಸಿದಳು. ಆತ ಕೇಳಲಿಲ್ಲ. ಎರಡು ಗಡಿಗೆ ಮೊಸರು ಜಾಸ್ತಿ ಖರ್ಚಾಯಿತು.

ಮಹಲಿನಂಥ ಹೋಟೆಲಿನಲ್ಲಿ ಇದೇ ಊಟವನ್ನು ‘ಉತ್ತರ ಕರ್ನಾಟಕ ಥಾಲಿ’ ಅಂತ ಕೊಡುತ್ತಾರೆ. ಗಡಿಗೆಯ ಮೊಸರು, ಬಡಿಸುವಾಕೆಯ ಒತ್ತಾಯ ಎರಡೂ ಅದರಲ್ಲಿ ಇರುವುದಿಲ್ಲ. ರಾತ್ರಿ ಉಳಿದ ಲಾಡ್ಜಿನ ಬಗ್ಗೆ ಬರೆಯುವುದಿಲ್ಲ. ಎಸಿ ಇದೆ ಅಂತ ದುಡ್ಡು ತೆಗೆದುಕೊಂಡರು, ಎಸಿ ಇತ್ತು, ಗೋಡೆಗೆ.

ರವಿವಾರ: ಪಟ್ಟದಕಲ್ಲು, ಐಹೊಳೆ, ಅಮೀನಗಡ

ಎಸಿಯ ಪುಣ್ಯದಿಂದ ಅಂದು ಎಲ್ಲರೂ ನಾಲ್ಕೂವರೆಗೇ ಎದ್ದಿದ್ದರು. ಪಟ್ಟದಕಲ್ಲಿನಲ್ಲಿ ಬೆಳಗಿನ ಬೆಳಕು ವಿರೂಪಾಕ್ಷ ಗುಡಿಯ ಮೇಲೆ ಬೀಳುವಾಗ ನಾವು ಹುಲ್ಲಿನ ಮೇಲಿದ್ದೆವು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. 1987ರಿಂದ ಪಟ್ಟದಕಲ್ಲು ಯುನೆಸ್ಕೊ ಪಟ್ಟಿಯಲ್ಲಿದೆ. ಮಕ್ಕಳಿಗೆ ಇತಿಹಾಸ ಹೇಳಿ ಸುಸ್ತು ಮಾಡುವ ಬದಲು ಒಂದು ಆಟ ಕೊಟ್ಟೆವು: ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣ ಹುಡುಕಿ. ಅಲ್ಲಿ ಶಿಲ್ಪಗಳ ಪಕ್ಕದಲ್ಲಿ ಹಳೆಗನ್ನಡ ಲಿಪಿಯಲ್ಲಿ ಹೆಸರು ಕೆತ್ತಿದ್ದಾರೆ. ಮಕ್ಕಳು ಓದಲಾರರು, ನಾವೂ ಓದಲಾರೆವು. ಆದರೂ ಕಪಿಗಳನ್ನು ಹುಡುಕುತ್ತ ಒಂದು ತಾಸು ಕಳೆಯಿತು. ಪಕ್ಕದ ಮಲಪ್ರಭೆಯಲ್ಲಿ ಅಲ್ಲಲ್ಲಿ ಮಡುಗಟ್ಟಿದ ನೀರು, ಉಳಿದದ್ದೆಲ್ಲ ಕಲ್ಲು, ಎಮ್ಮೆಗಳು.

ಐಹೊಳೆಯಲ್ಲಿ ದುರ್ಗ ಗುಡಿಯ ಕಂಬಸಾಲಿನ ನೆರಳಲ್ಲೇ ಸುತ್ತಿದೆವು. ಹಿಂಬದಿ ಗುಂಡಗಿರುವ ಆ ಗುಡಿಗೆ ಸುತ್ತಲೂ ನಡೆಯಲು ಜಾಗವಿರುವುದರಿಂದ ಬಿಸಿಲು ತಾಗುವುದಿಲ್ಲ. ಮೇಗುಟಿ ಬೆಟ್ಟ ಹತ್ತಿದ್ದು ನಾನು ಮತ್ತು ದೊಡ್ಡ ಹುಡುಗ ಮಾತ್ರ. 634ರ ಶಾಸನ ಅಲ್ಲಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯನ್ನು ಕವಿ ರವಿಕೀರ್ತಿ ಬರೆದದ್ದು. ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಂಡದ್ದೂ ಅದರಲ್ಲೇ. ‘ಇದು ಸ್ವಲ್ಪ ಜಾಸ್ತಿ ಆಯ್ತಲ್ವಾ ದೊಡ್ಡಮ್ಮ?’ ಅಂದ ಹುಡುಗ. ಅಷ್ಟು ಬಿಸಿಲಲ್ಲಿ ಅಷ್ಟು ಎತ್ತರ ಹತ್ತಿದವನಿಗೆ ಹಾಗೆ ಕೇಳುವ ಹಕ್ಕಿದೆ.

ಹನ್ನೊಂದಕ್ಕೆ ಅಮೀನಗಡ. ಕರದಂಟು ಕೊಳ್ಳದೆ ಮುಂದೆ ಹೋಗುವಂತಿಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲದ ಪಾಕ. ಬೇಸಿಗೆಯಲ್ಲಿ ಉಷ್ಣ ಅಂತ ಅತ್ತೆಯವರು ಮಕ್ಕಳಿಗೆ ಒಂದೊಂದೇ ತುಂಡು ಕೊಟ್ಟರು. ಹುನಗುಂದ ಬರುವಷ್ಟರಲ್ಲಿ ಅವರ ಬಾಯಿಯೂ ಆಡುತ್ತಿದ್ದದ್ದನ್ನು ಕನ್ನಡಿಯಲ್ಲಿ ನೋಡಿ ನಮ್ಮನೆಯವರು ಸುಮ್ಮನೆ ನಕ್ಕರು.

ಈಗ ಮಕ್ಕಳದು ಗೋಕಾಕ ಜಲಪಾತದ ಹಟ. ಫೋನಿನಲ್ಲಿ ವಿಡಿಯೋ ನೋಡಿದ್ದಾರೆ. ಆ ವಿಡಿಯೋ ಮಳೆಗಾಲದ್ದು. ಈಗ ಹೋದರೆ ಘಟಪ್ರಭೆ ಧುಮುಕುವ 52 ಮೀಟರ್ ಎತ್ತರದ ಬಂಡೆ, ತೂಗುಸೇತುವೆ ಇಷ್ಟೇ ಕಾಣುವುದು. ಜುಲೈ ಕೊನೆಗೆ ಶಾಲೆಗೆ ಎರಡು ದಿನ ರಜೆ ಹಾಕಿ ಬರುವುದಾದರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ಅವರಮ್ಮನ ಹತ್ತಿರ ಅದನ್ನು ಒಪ್ಪಿಸುವ ಕೆಲಸ ಅವರದು.